ಹೊಸ ಶೆಡ್‌ಗೆ ಸ್ಮಾರ್ಟ್ ಮೀಟರ್: 15 ಎಚ್‌ಪಿ ಗಿರಣಿಯವರು ಮೊದಲೇ ಏನೇನು ನೋಡಿಕೊಳ್ಳಬೇಕು?

ಗಿರಣಿ ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಹಿಟ್ಟಿನ ಗಿರಣಿ, ಜೊತೆಗೆ ಖಾರದಪುಡಿ ಮೆಷಿನ್. ಇಷ್ಟು ದಿನ ಬಾಡಿಗೆ ಮಳಿಗೆಯಲ್ಲಿ ಇದ್ದೆವು. ಈಗ ಸ್ವಂತ ಶೆಡ್ ಎದ್ದಿದೆ. ಎರಡು ಮೋಟಾರ್, ಒಂದೊಂದು 7.5 ಎಚ್‌ಪಿ. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಬೇಕು. ಹೊಸದಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಅಂತ ಗೊತ್ತು, ಅದರ ಬಗ್ಗೆ ಜಗಳ ಇಲ್ಲ.

ಆದರೆ ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಾರೆ. ಒಬ್ಬರು ‘ಆ ಮೀಟರ್ ಜಾಸ್ತಿ ಓಡುತ್ತೆ’ ಅಂತಾರೆ. ಇನ್ನೊಬ್ಬರು ‘ಸಂಜೆ ಹೊತ್ತು ರೇಟೇ ಬೇರೆ’ ಅಂತಾರೆ. ಮತ್ತೊಬ್ಬರ ಪ್ರಕಾರ ಮೊಬೈಲ್ ಥರ ರೀಚಾರ್ಜ್ ಮಾಡಬೇಕು, ದುಡ್ಡು ಮುಗಿದರೆ ರಾಗಿ ಅರ್ಧ ಬೀಸಿದಲ್ಲೇ ನಿಲ್ಲುತ್ತದೆ. ಇದರಲ್ಲಿ ನಿಜ ಯಾವುದು? ಅರ್ಜಿ ಕೊಡುವ ಮುಂಚೆ ನಾನು ಏನು ತಯಾರಿ ಮಾಡಿಕೊಳ್ಳಬೇಕು? ಅನುಭವ ಇರುವವರು ಹೇಳಿ.

ಎಂಟಿ ನಿವೃತ್ತ

ಮೀಟರ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪ್ರೀಪೇಯ್ಡ್ ವಿಷಯ ಮೊದಲು ಮುಗಿಸೋಣ. ಬೆಸ್ಕಾಂನಲ್ಲಿ 2025ರ ಫೆಬ್ರವರಿ 15ರಿಂದ ಪೇಟೆ ಭಾಗದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಆಯಿತು, ಜುಲೈ 1ರಿಂದ ಹಳ್ಳಿಗಳಿಗೂ ಬಂತು. ಕಟ್ಟಡ ಕಟ್ಟುವಾಗ ತೆಗೆದುಕೊಳ್ಳುತ್ತಾರಲ್ಲ, ಆ ತಾತ್ಕಾಲಿಕ ಸಂಪರ್ಕಕ್ಕೆ ಪ್ರೀಪೇಯ್ಡ್. ಕಾಯಂ ಸಂಪರ್ಕಕ್ಕೆ ಮೀಟರ್ ಸ್ಮಾರ್ಟ್ ಆದರೂ ಬಿಲ್ ತಿಂಗಳ ಕೊನೆಗೇ. ಹಾಗಾಗಿ ರಾಗಿ ಅರ್ಧಕ್ಕೆ ನಿಲ್ಲುವ ಭಯ ಬೇಡ. ಆದರೆ ಬಾಕಿ ಉಳಿಸಿಕೊಂಡರೆ ಲೈನ್‌ಮನ್ ಕಂಬ ಹತ್ತುವವರೆಗೂ ಸಮಯ ಸಿಗುತ್ತಿತ್ತು ನೋಡಿ, ಆ ಕಾಲ ಹೋಗುತ್ತಿದೆ. ಈ ಮೀಟರನ್ನು ಆಫೀಸಿನಿಂದಲೇ ಕಟ್ ಮಾಡಬಹುದು.

ಎರಡನೆಯದು, ‘ಜಾಸ್ತಿ ಓಡುತ್ತೆ’ ಅನ್ನುವ ಮಾತು. ಹಳೇ ತಿರುಗುವ ಡಿಸ್ಕ್ ಮೀಟರ್ ಸಣ್ಣ ಲೋಡ್‌ಗೆ ಅಲುಗುತ್ತಲೇ ಇರಲಿಲ್ಲ. ಸ್ಟ್ಯಾಂಡ್‌ಬೈ ಟಿವಿ, ಚಾರ್ಜರ್, ಜೀರೋ ಬಲ್ಬ್, ಎಲ್ಲ ಪುಕ್ಕಟೆ. ಎಲೆಕ್ಟ್ರಾನಿಕ್ ಮೀಟರ್ ಅದನ್ನೂ ಎಣಿಸುತ್ತದೆ. ಸ್ಮಾರ್ಟ್ ಮೀಟರ್ ಕೂಡ ಎಲೆಕ್ಟ್ರಾನಿಕ್ ಮೀಟರೇ, ಅದಕ್ಕೆ ಮಾತಾಡಲು ಒಂದು ಸಿಮ್ ಅಥವಾ ರೇಡಿಯೋ ಸೇರಿದೆ ಅಷ್ಟೆ. ನಿಮ್ಮ ಬಾಡಿಗೆ ಮಳಿಗೆಯಲ್ಲಿ ಈಗಾಗಲೇ ಎಲೆಕ್ಟ್ರಾನಿಕ್ ಇದ್ದರೆ ಯೂನಿಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಬಾರದು.

ಬದಲಾಗುವುದು ಬೇರೆ. ಯಾವ ಹೊತ್ತಿನಲ್ಲಿ ಎಷ್ಟು ಎಳೆದಿರಿ ಅನ್ನುವುದು ಈಗ ದಿನದಿನವೂ ದಾಖಲಾಗುತ್ತದೆ. ಅಲ್ಲೇ ಇರುವುದು ಎಲ್ಲ ವಿಷಯ.

ಹುಬ್ಬಳ್ಳಿ ಪ್ರೆಸ್

ಸರ್ ಹೇಳಿದ್ದು ಖರೇ. ಆದರ ಮೀಟರ್ ‘ಓಡತೈತಿ’ ಅನ್ನೋದಕ್ಕ ಇನ್ನೊಂದು ಕಾರಣ ಐತ್ರಿ. ನಮ್ಮ ಕಟ್ಟಡದಾಗ ಕೆಳಗ ಪ್ರಿಂಟಿಂಗ್ ಪ್ರೆಸ್, ಮ್ಯಾಲ ಮನಿ. ಎರಡು ಸಿಂಗಲ್ ಫೇಸ್ ಮೀಟರ್. ಹೊಸ ಮೀಟರ್ ಹಾಕಿದ ಮೇಲೆ ಕೆಳಗಿಂದು ಏಕಾಏಕಿ ಏರಿತು. ರಾತ್ರಿ ಪ್ರೆಸ್ ಬಂದ್ ಇದ್ದಾಗಲೂ ಮೀಟರ್ ದೀಪ ಪಕಪಕ ಅಂತಿತ್ತು. ನಾವೆಲ್ಲ ಮೀಟರನ್ನೇ ಬೈದಿದ್ದೇ ಬೈದಿದ್ದು.

ಕಡೀಗ ಎಲೆಕ್ಟ್ರಿಷಿಯನ್ ಬಂದು ಕೆಳಗಿನ ಮೇನ್ ಪೂರ್ತಿ ತೆಗೆದು, ಮ್ಯಾಲಿನ ಗೀಸರ್ ಹಾಕಿಸಿ, ನ್ಯೂಟ್ರಲ್ ವೈರಿಗೆ ಕರೆಂಟ್ ಅಳೆಯೋ ಕ್ಲ್ಯಾಂಪ್ ಹಿಡಿದರೆ ಕರೆಂಟ್ ಬರ್ಲಿಕತ್ತಿತ್ತು! ಹಳೇ ವೈರಿಂಗ್‌ನಲ್ಲಿ ಎರಡೂ ಮೀಟರಿನ ನ್ಯೂಟ್ರಲ್ ಒಂದಕ್ಕೊಂದು ಕೂಡಿಸಿಟ್ಟಿದ್ದರು. ಬೇರೆ ಮಾಡಿದ ಮೇಲೆ ಸರಿಹೋಯಿತು.

ಎಂಟಿ ನಿವೃತ್ತ

ಹುಬ್ಬಳ್ಳಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಈಗಿನ ಸಿಂಗಲ್ ಫೇಸ್ ಮೀಟರ್ ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆಯುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು. ನ್ಯೂಟ್ರಲ್ ಬೆರೆತಿದ್ದರೆ ಪಕ್ಕದವರ ಯೂನಿಟ್ ನಿಮ್ಮ ತಲೆಗೆ ಬರುತ್ತದೆ. ಹಳೇ ಕಟ್ಟಡದಲ್ಲಿ ಎರಡು ಮೂರು ಅಂಗಡಿ ಇದ್ದವರೆಲ್ಲ ಮೀಟರ್ ಬದಲಾಗುವ ಮುಂಚೆಯೇ ಇದನ್ನು ನೋಡಿಸಿ. ಅರ್ಧ ದಿನದ ಕೆಲಸ.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಲಿಖಿತ ದೂರು ಕೊಡಿ. 2024ರ ಫೆಬ್ರವರಿಯಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ದೂರು ಬಂದ ಐದು ದಿನದೊಳಗೆ ಇನ್ನೊಂದು ಮೀಟರ್ ಜೊತೆಗೆ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು. ಬಾಯಲ್ಲಿ ಬೈದರೆ ಯಾರೂ ಹಾಕುವುದಿಲ್ಲ. ಸ್ವೀಕೃತಿ ಇಟ್ಟುಕೊಳ್ಳಿ.

ವೈರಿಂಗ್ ಗುತ್ತಿಗೆದಾರ

ಗಿರಣಿ ಅಣ್ಣಾ, ನಿಮ್ಮ 15 ಎಚ್‌ಪಿಗೆ ಬರೋಣ. 1 ಎಚ್‌ಪಿ ಅಂದರೆ 0.746 ಕಿಲೋವಾಟ್. 15 ಎಚ್‌ಪಿ ಅಂದರೆ 11.19. ಅಂದರೆ 10 ಕಿಲೋವಾಟ್ ದಾಟಿದಿರಿ. ಆ ಗೆರೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು. ಮೋಟಾರಿನ ಪ್ಲೇಟ್ ಮೇಲೆ ಬರೆದಿರುವುದು ಅದು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಜಾಸ್ತಿ. ಎರಡೂ ಮೋಟಾರ್ ಪೂರ್ತಿ ಲೋಡ್‌ನಲ್ಲಿ ಒಟ್ಟಿಗೆ ಓಡಿದರೆ, ಅವುಗಳ ದಕ್ಷತೆ 87 ಪರ್ಸೆಂಟ್ ಅಂದುಕೊಂಡರೂ, ಮೀಟರಿನಲ್ಲಿ 12.8 ಕಿಲೋವಾಟ್ ಹತ್ತಿರ ಕಾಣುತ್ತದೆ. 15 ಎಚ್‌ಪಿಗೆ ಅರ್ಜಿ ಹಾಕಿದರೆ ಮಂಜೂರಾಗುವುದು 11.19. ಮೊದಲೆಲ್ಲ ಯಾರು ನೋಡುತ್ತಿದ್ದರು ಹೇಳಿ? ಈಗ ಎಂಡಿ (ಮ್ಯಾಕ್ಸಿಮಮ್ ಡಿಮಾಂಡ್, ತಿಂಗಳಲ್ಲಿ ಎಳೆದ ಗರಿಷ್ಠ ಲೋಡ್) ಅಂತ ಬಿಲ್ಲಿನಲ್ಲೇ ಬರುತ್ತದೆ.

ಗಿರಣಿ ತುಮಕೂರು

ಗುತ್ತಿಗೆದಾರರೇ, ಮೋಟಾರ್ ಸ್ಟಾರ್ಟ್ ಮಾಡುವಾಗ ಆರು ಪಟ್ಟು ಕರೆಂಟ್ ಎಳೆಯುತ್ತೆ ಅಂತಾರಲ್ಲ. ಅದೂ ಎಂಡಿಗೆ ಸೇರುತ್ತಾ? ಹಾಗಾದರೆ ನನ್ನ ಕಥೆ ಮುಗೀತು. ಗಿರಾಕಿ ಬಂದ ಹಾಗೆಲ್ಲ ಆನ್ ಆಫ್ ಮಾಡುತ್ತಿರುತ್ತೇವೆ.

ಎಂಟಿ ನಿವೃತ್ತ

ಹೆದರಬೇಡಿ. ನಮ್ಮ ರಾಜ್ಯದಲ್ಲಿ ಎಂಡಿ ಅಂದರೆ 15 ನಿಮಿಷದ ಸರಾಸರಿ. ಸ್ಟಾರ್ಟ್ ಆಗುವಾಗಿನ ಕರೆಂಟ್ ಕೆಲವೇ ಸೆಕೆಂಡಿನದು, ಸರಾಸರಿಯಲ್ಲಿ ಕರಗಿಹೋಗುತ್ತದೆ. ಎಂಡಿ ಏರಿಸುವುದು ಹದಿನೈದು ಇಪ್ಪತ್ತು ನಿಮಿಷ ಬಿಡದೆ ಎಳೆಯುವ ಲೋಡ್.

ಬೇಕರಿ ಹಾಸನ

ಅದು ನಾವು! ಬೇಕರಿಯವರ ಗೋಳು ಇಲ್ಲೇ ಇರುವುದು. ಎಲೆಕ್ಟ್ರಿಕ್ ಓವನ್ ಬೆಳಗಿನ ಜಾವ ಹಾಕಿದರೆ ಬಿಸಿ ಆಗುವವರೆಗೆ ಮುಕ್ಕಾಲು ಗಂಟೆ ಪೂರ್ತಿ ಲೋಡ್. ಅದೇ ಹೊತ್ತಿಗೆ ಹುಡುಗರು ಮಿಕ್ಸರ್‌ಗೆ ಮೈದಾ ಸುರಿದಿರುತ್ತಾರೆ, ಡೀಪ್ ಫ್ರೀಜರ್ ಹೇಗೂ ಓಡುತ್ತಿರುತ್ತದೆ. ಮೂರೂ ಒಂದೇ ಹದಿನೈದು ನಿಮಿಷದಲ್ಲಿ ಸೇರಿದರೆ ತಿಂಗಳ ಎಂಡಿ ಆವತ್ತೇ ಬರೆದಂತೆ. ಉಳಿದ 29 ದಿನ ಎಷ್ಟು ಜಾಗ್ರತೆ ಮಾಡಿದರೂ ಇಳಿಯಲ್ಲ.

ನಾವು ಮಾಡಿದ್ದು ಇಷ್ಟೆ. ಹಿಟ್ಟು ಕಲಸುವುದನ್ನು ಮೊದಲಿಗೆ ತಂದೆವು. ಮಿಕ್ಸರ್ ನಿಂತ ಮೇಲೆಯೇ ಓವನ್. ಹಿಟ್ಟು ಹುದುಗಲು ಹೇಗೂ ಹೊತ್ತು ಬೇಕು, ಅಷ್ಟರಲ್ಲಿ ಓವನ್ ಕಾಯುತ್ತದೆ. ಓವನ್ ಸ್ವಿಚ್ ಪಕ್ಕ ಒಂದು ಚೀಟಿ ಅಂಟಿಸಿದೆ. ದುಡ್ಡು ಕೊಟ್ಟು ಯಾವ ಯಂತ್ರವನ್ನೂ ತರಲಿಲ್ಲ.

ಗಿರಣಿ ತುಮಕೂರು

ಅಕ್ಕ, ಇದು ನನಗೂ ಆಗುತ್ತದೆ. ಖಾರದಪುಡಿ ಓಡುವಾಗ ಹಿಟ್ಟು ನಿಲ್ಲಿಸಬಹುದು. ಕಷ್ಟ ಬರುವುದು ಬೇಸಿಗೆಯಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ವರ್ಷದ ಖಾರದಪುಡಿ ಮಾಡಿಸಲು ಎಲ್ಲರೂ ಒಟ್ಟಿಗೇ ಬರುತ್ತಾರೆ. ಆಗ ಎರಡೂ ಓಡಲೇಬೇಕು. ಎಂಡಿ ಒಮ್ಮೆ ಮೀರಿದರೆ ದಂಡ ಹಾಕುತ್ತಾರಾ?

ಎಂಟಿ ನಿವೃತ್ತ

ಅದೇ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ 2023ರಲ್ಲಿ ತಂದ ತಿದ್ದುಪಡಿಯಲ್ಲಿ ಇದಕ್ಕೆ ಉತ್ತರ ಇದೆ. ಸ್ಮಾರ್ಟ್ ಮೀಟರಿನಲ್ಲಿ ಎಂಡಿ ಮಂಜೂರಾತಿ ಮೀರಿದ ತಿಂಗಳು, ಆ ತಿಂಗಳ ಬಿಲ್ ನಿಜವಾದ ಎಂಡಿ ಮೇಲೆ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಂಜೂರಾದ ಲೋಡನ್ನೇ ಏರಿಸಬಹುದು. ಏರಿಸುವಾಗಲೂ ಆ ಮೀರಿದ ತಿಂಗಳುಗಳಲ್ಲಿ ಅತಿ ಕಡಿಮೆ ಇರುವುದನ್ನು ಹಿಡಿಯಬೇಕು. ಲೋಡ್ ಏರಿದರೆ ನಿಗದಿತ ಶುಲ್ಕ ಏರುತ್ತದೆ. ಅದು ಗಿರಣಿ ಬಾಗಿಲು ಹಾಕಿದ ತಿಂಗಳೂ ಕಟ್ಟಬೇಕಾದ ದುಡ್ಡು.

ಈಗಿರುವ ಸಂಪರ್ಕಕ್ಕೆ ಮೀಟರ್ ಬದಲಾಯಿಸಿಕೊಳ್ಳುವವರಿಗೆ ಒಂದು ಸಮಾಧಾನ. ಹೊಸ ಮೀಟರ್ ತೋರಿಸಿದ ಎಂಡಿ ಇಟ್ಟುಕೊಂಡು, ಅದನ್ನು ಹಾಕುವ ಹಿಂದಿನ ಅವಧಿಗೆ ದಂಡ ಹಾಕುವಂತಿಲ್ಲ. ಅದೂ ಅದೇ ನಿಯಮದಲ್ಲಿದೆ.

ಪೀಣ್ಯ ಲೇತ್

ನಮ್ಮದು ಎಚ್‌ಟಿ (ಹೈಟೆನ್ಷನ್) ಸಂಪರ್ಕ, ದೊಡ್ಡ ಲೋಡಿನದು. ಹೊತ್ತಿಗೊಂದು ದರ ನಮಗೆ ಹಳೇ ವಿಷಯ. ಈಗ ನಿಮ್ಮಂಥ ಎಲ್‌ಟಿಯವರಿಗೂ (ಲೋಟೆನ್ಷನ್, ಸಣ್ಣ ಲೋಡ್) ಬರುತ್ತಿದೆ ಅಷ್ಟೆ. ಕೇಂದ್ರದ ನಿಯಮ ಇಷ್ಟು: 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕೆ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ. ಸ್ಮಾರ್ಟ್ ಮೀಟರ್ ಬಂದ ಕೂಡಲೇ ಅನ್ವಯ. ಬಿಸಿಲಿನ ಎಂಟು ಗಂಟೆ ಕನಿಷ್ಠ 20 ಪರ್ಸೆಂಟ್ ಕಡಿಮೆ. ಎಲ್ಲರೂ ಒಟ್ಟಿಗೆ ಎಳೆಯುವ ಪೀಕ್ ಹೊತ್ತಿನಲ್ಲಿ ಕೈಗಾರಿಕೆಗೆ ಕನಿಷ್ಠ 1.2 ಪಟ್ಟು. ಯಾವ ಗಂಟೆಯಿಂದ ಯಾವ ಗಂಟೆ, ಯಾರಿಗೆ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ನಮ್ಮ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ). ಬಿಲ್ಲಿಗೆ ಬರುವುದು ಅವರ ಆದೇಶದಲ್ಲಿ ಇದ್ದದ್ದೇ. ಆದೇಶದಲ್ಲಿ ನಿಮ್ಮ ವರ್ಗದ ಪುಟ ಓದಿಕೊಳ್ಳಿ.

ನನ್ನ ಸಲಹೆ: ಖಾರದಪುಡಿ ಪೂರ್ತಿ ಮಧ್ಯಾಹ್ನಕ್ಕೆ ಹಾಕಿ.

ಗಿರಣಿ ತುಮಕೂರು

ಸರ್, ಹೇಳುವುದು ಸುಲಭ. ಗಿರಾಕಿ ಬರುವುದು ಸಂಜೆ ಕೆಲಸ ಮುಗಿಸಿಕೊಂಡು. ‘ನಾಳೆ ಮಧ್ಯಾಹ್ನ ಬನ್ನಿ, ಕರೆಂಟ್ ಅಗ್ಗ’ ಅಂದರೆ ಡಬ್ಬ ಎತ್ತಿಕೊಂಡು ಪಕ್ಕದ ಬೀದಿ ಗಿರಣಿಗೆ ಹೋಗುತ್ತಾರೆ.

ಪೀಣ್ಯ ಲೇತ್

ಸರಿ, ಲೆಕ್ಕ ಹಾಕೋಣ. ಎಲ್‌ಟಿ ಕೈಗಾರಿಕೆ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 6.10ರಿಂದ 4.50ಕ್ಕೆ ಇಳಿಯಿತು. ಇದಕ್ಕೆ ಕೇಂದ್ರದ ಕನಿಷ್ಠ ಲೆಕ್ಕ ಹಚ್ಚಿದರೆ ಬಿಸಿಲಿನಲ್ಲಿ 3.60, ಪೀಕ್‌ನಲ್ಲಿ 5.40. ವ್ಯತ್ಯಾಸ 1.80. ಒಂದು ಮೋಟಾರ್ 6 ಕಿಲೋವಾಟ್ ಎಳೆಯುತ್ತದೆ, ಸಂಜೆ ಮೂರು ಗಂಟೆ ಓಡುತ್ತದೆ ಅಂದುಕೊಳ್ಳಿ. 18 ಯೂನಿಟ್. ದಿನಕ್ಕೆ 32 ರೂಪಾಯಿ. ತಿಂಗಳಿಗೆ 26 ದಿನಕ್ಕೆ 840 ಚಿಲ್ಲರೆ.

ಹ್ಮ್. ಬರೆದ ಮೇಲೆ ನನಗೂ ಅನ್ನಿಸುತ್ತಿದೆ, ಇಷ್ಟಕ್ಕೆ ಗಿರಾಕಿ ಕಳೆದುಕೊಳ್ಳುವುದು ಬೇಡ. ನಮ್ಮ ಲೆಕ್ಕ ಸಾವಿರಾರು ಯೂನಿಟ್ಟಿನದು, ಅಲ್ಲಿ ಶಿಫ್ಟ್ ಬದಲಾಯಿಸಿದರೆ ಲಕ್ಷದ ಮಾತು ಬರುತ್ತದೆ. ನೀವು ಅಂಗಡಿಗಳಿಗೆ ಸಪ್ಲೈ ಮಾಡುವ ಪ್ಯಾಕೆಟ್ ಹಿಟ್ಟು ಏನಾದರೂ ಇದ್ದರೆ ಅದನ್ನು ಮಾತ್ರ ಮಧ್ಯಾಹ್ನಕ್ಕೆ ಹಾಕಿ. ಕೈಯಲ್ಲಿ ಡಬ್ಬ ಹಿಡಿದು ನಿಂತವರಿಗೆ ಆಗಲೇ ಬೀಸಿಕೊಡಿ.

ಲೆಕ್ಕದ ಪುಸ್ತಕ

ಸಣ್ಣ ಉದ್ಯಮಗಳ ಲೆಕ್ಕ ಬರೆಯುವವಳು ನಾನು. ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಬಿಲ್ಲಿನ ಕೊನೆಯ ಸಾಲು ಮಾತ್ರ ನೋಡುತ್ತಾರೆ. ಹಳೇ ಮಳಿಗೆಯ 12 ತಿಂಗಳ ಬಿಲ್ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯೂನಿಟ್, ಎಂಡಿ, ಪಿಎಫ್ (ಪವರ್ ಫ್ಯಾಕ್ಟರ್, ಎಳೆದದ್ದರಲ್ಲಿ ಕೆಲಸಕ್ಕೆ ಬರುವ ಪಾಲು), ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ, ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್, ತೆರಿಗೆ, ಬಡ್ಡಿ, ಎಲ್ಲ ಬೇರೆ ಬೇರೆ ಕಾಲಂ. ಒಟ್ಟು ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ. ಅದು ನಿಮ್ಮ ನಿಜವಾದ ಯೂನಿಟ್ ದರ. 4.50 ಅಲ್ಲ.

ಉದಾಹರಣೆಗೆ ಪಿಂಚಣಿ ಸರ್‌ಚಾರ್ಜ್ 2025-26ರಲ್ಲಿ ಯೂನಿಟ್‌ಗೆ 36 ಪೈಸೆ, 2026-27ಕ್ಕೆ 35, 2027-28ಕ್ಕೆ 34. ಸಾವಿರ ಯೂನಿಟ್ ಬಳಸುವವರಿಗೆ ಅದೊಂದೇ 360 ರೂಪಾಯಿ. ದರ 1.60 ಇಳಿಯಿತು ಅಂತ ಪೇಪರಿನಲ್ಲಿ ಓದಿ, ಬಿಲ್ ಅಷ್ಟು ಇಳಿಯಲಿಲ್ಲವಲ್ಲ ಅಂತ ಬಂದವರಿಗೆ ನಾನು ಈ ಕಾಲಂಗಳನ್ನೇ ತೋರಿಸುತ್ತೇನೆ.

ಠೇವಣಿಯನ್ನೂ ಮರೆಯಬೇಡಿ. ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇರಬೇಕು, ಬಳಕೆ ಏರಿದರೆ ಹೆಚ್ಚುವರಿ ಠೇವಣಿ ಕೇಳಿ ನೋಟಿಸ್ ಬರುತ್ತದೆ. ಅದು ಖರ್ಚಲ್ಲ, ಆಸ್ತಿ. ಟ್ಯಾಲಿಯಲ್ಲಿ ಕರೆಂಟ್ ಖರ್ಚಿಗೆ ಸೇರಿಸಿಬಿಡಬೇಡಿ. ವರ್ಷಕ್ಕೊಮ್ಮೆ ಅದರ ಬಡ್ಡಿ ಬಿಲ್ಲಿನಲ್ಲೇ ಜಮಾ ಆಗುತ್ತದೆ, ಅದು ಆದಾಯ. ಮತ್ತೆ, ಕರೆಂಟ್ ಬಿಲ್ಲಿನ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಇನ್‌ಪುಟ್ ಕ್ರೆಡಿಟ್ ಹುಡುಕುವ ಕೆಲಸವೂ ಇಲ್ಲ.

ತಾತ್ಕಾಲಿಕ ಸಂಪರ್ಕದಲ್ಲಿ ಪ್ರೀಪೇಯ್ಡ್ ಇರುವವರು, ರೀಚಾರ್ಜ್ ಮಾಡಿದ ದಿನವೇ ಪೂರ್ತಿ ಖರ್ಚು ಬರೆಯಬೇಡಿ. ಅದು ಮುಂಗಡ. ತಿಂಗಳ ಕೊನೆಯಲ್ಲಿ ಉಳಿದ ಬ್ಯಾಲೆನ್ಸ್ ನೋಡಿ, ಬಳಸಿದಷ್ಟು ಮಾತ್ರ ಖರ್ಚು.

ಹೊಸಬ

ಸುಮ್ನೆ ಕೇಳ್ತೀನಿ. ಮನೆ ಮೀಟರಿನಲ್ಲೇ ಚಿಕ್ಕ ಗಿರಣಿ ನಡೆಸಿದರೆ ಏನಾಗುತ್ತೆ? ಗೃಹಜ್ಯೋತಿ ಇದೆಯಲ್ಲ.

ವೈರಿಂಗ್ ಗುತ್ತಿಗೆದಾರ

ಬೇಡ ತಮ್ಮಾ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್. ಆ ವರ್ಗದ ದರದ ಎರಡು ಪಟ್ಟು. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಹಾಕುತ್ತಾರೆ. ಮೊದಲು ಯಾರಾದರೂ ಬಂದು ಕಣ್ಣಲ್ಲಿ ನೋಡಬೇಕಿತ್ತು. ಈಗ ಮನೆ ಮೀಟರಿನಲ್ಲಿ ದಿನಾ ಹತ್ತರಿಂದ ಒಂದು ಗಂಟೆವರೆಗೆ ಮೋಟಾರ್ ಎಳೆಯುವುದು ಆಫೀಸಿನಲ್ಲಿ ಕೂತವರಿಗೇ ಕಾಣುತ್ತದೆ.

ಗಿರಣಿ ಅಣ್ಣಾ, ಕೆಪ್ಯಾಸಿಟರ್ ಬಗ್ಗೆ ಯಾರೂ ಹೇಳಲಿಲ್ಲ. ಎಲ್‌ಟಿ ಮೋಟಾರಿಗೆ ಪಿಎಫ್ 0.85 ಇರಬೇಕು. ಅದರ ಕೆಳಗೆ ಪ್ರತಿ 0.01ಕ್ಕೆ ಯೂನಿಟ್‌ಗೆ 3 ಪೈಸೆ, ಗರಿಷ್ಠ 30 ಪೈಸೆ. ಪಿಎಫ್ 0.75 ಇದ್ದು ತಿಂಗಳಿಗೆ ಸಾವಿರ ಯೂನಿಟ್ ಆದರೆ 300 ರೂಪಾಯಿ ಸುಮ್ಮನೆ ಹೋಗುತ್ತದೆ. ಪಿಎಫ್ ಏರಿಸುವುದೇ ಕೆಪ್ಯಾಸಿಟರ್. 7.5 ಎಚ್‌ಪಿಗೆ ಸಾಮಾನ್ಯವಾಗಿ 3 ಕೆವಿಎಆರ್ (ಕೆಪ್ಯಾಸಿಟರಿನ ಅಳತೆ) ಹಾಕುತ್ತೇವೆ. ಆದರೆ ಕೆಪ್ಯಾಸಿಟರನ್ನು ಮೇನ್ ಹತ್ತಿರ ಹಾಕಿ ಮರೆತುಬಿಡಬೇಡಿ. ಸ್ಟಾರ್ಟರ್ ನಂತರ, ಮೋಟಾರ್ ಕಡೆಗೆ ಹಾಕಿಸಿ. ಮೋಟಾರ್ ನಿಂತರೆ ಅದೂ ನಿಲ್ಲಬೇಕು. ರಾತ್ರಿಯಿಡೀ ಕೆಪ್ಯಾಸಿಟರ್ ಮಾತ್ರ ಲೈನಿನಲ್ಲಿ ಇದ್ದರೆ ಪಿಎಫ್ ಲೀಡಿಂಗ್ ಕಡೆ, ಅಂದರೆ ಉಲ್ಟಾ ಕಡೆ ಹೋಗುತ್ತದೆ. ಕೆವಿಎಎಚ್ ಲೆಕ್ಕದಲ್ಲಿ (ಪಿಎಫ್ ಕೂಡ ಸೇರಿಸಿ ಯೂನಿಟ್ ಎಣಿಸುವ ಲೆಕ್ಕ) ಬಿಲ್ ಮಾಡುವ ಕಡೆ ಅದಕ್ಕೂ ದುಡ್ಡು ಬೀಳುತ್ತದೆ.

ಎಂಟಿ ನಿವೃತ್ತ

ಒಳ್ಳೇ ಮಾತು. ನನ್ನದು ಇನ್ನೊಂದಿದೆ. ಗಿರಣಿಯವರಿಗೆ ಇದು ಅನ್ವಯಿಸದಿರಬಹುದು, ದೊಡ್ಡ ಲೋಡ್ ಇರುವವರು ಓದಿ.

ಲೋಡ್ ಜಾಸ್ತಿ ಇದ್ದರೆ ಮೀಟರಿಗೆ ನೇರ ಕರೆಂಟ್ ಹೋಗುವುದಿಲ್ಲ, ನಡುವೆ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಕರೆಂಟನ್ನು ಅಳೆಯುವ ಮಟ್ಟಕ್ಕೆ ಇಳಿಸುವ ಸಾಧನ) ಇರುತ್ತದೆ. 200/5 ಸಿಟಿ, ಮೀಟರ್ 5 ಆಂಪಿಯರಿನದು ಅಂದರೆ ರೀಡಿಂಗನ್ನು 40ರಿಂದ ಗುಣಿಸಬೇಕು. ಮೀಟರ್ ಬದಲಾಯಿಸುವ ದಿನ ಕಂಪ್ಯೂಟರಿನಲ್ಲಿ ಯಾರೋ 20 ಅಂತ ಹಾಕಿದರೆ ನಿಮಗೆ ಅರ್ಧ ಬಿಲ್ ಬರುತ್ತದೆ. ಖುಷಿಯಾಗಿ ಕಟ್ಟುತ್ತೀರಿ. ಅದೇ ದರಕ್ಕೆ ಮಾಲು ಮಾರುತ್ತೀರಿ. ವರ್ಷಗಳ ಮೇಲೆ ಆಡಿಟ್‌ನವರು ಹಿಡಿಯುತ್ತಾರೆ.

ಹರಿಯಾಣದ ಪ್ರೇಮ್ ಕಾಟೆಕ್ಸ್ ಪ್ರಕರಣ ಇದೇ. 10 ಇರಬೇಕಾದ ಗುಣಕ 5 ಅಂತ ದಾಖಲಾಗಿತ್ತು. 2006ರಿಂದ 2009ರವರೆಗಿನ ವ್ಯತ್ಯಾಸ ಅಂತ ಸುಮಾರು 1.35 ಕೋಟಿ ಕೇಳಿದರು. ಹಳೇ ಬಾಕಿ ಕೇಳಲು ಎರಡು ವರ್ಷದ ಮಿತಿ ಇದೆಯಲ್ಲ ಅಂತ ಕಂಪನಿಯವರು ವಾದಿಸಿದರು. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಪ್ಪು ನಿಮ್ಮದಲ್ಲದಿದ್ದರೂ ಕೊಡಬೇಕಾಗುತ್ತದೆ ಅಂತ ಆಯಿತು. ಹಾಗಾಗಿ ಬಿಲ್ ಇದ್ದಕ್ಕಿದ್ದಂತೆ ಕಡಿಮೆ ಬಂದರೂ ಬರೆದು ಕೇಳಿ. ಸಿಟಿ ಮೇಲಿನ ಪ್ಲೇಟ್, ಮೀಟರ್ ಪ್ಲೇಟ್, ಬಿಲ್ಲಿನ ಗುಣಕ, ಮೂರನ್ನೂ ತಾಳೆ ನೋಡಿ.

ಗಿರಣಿ ತುಮಕೂರು

ಮೈ ಝುಂ ಅಂತು ಸರ್. ಸದ್ಯ ನನಗೆ ಸಿಟಿ ಇಲ್ಲ.

ಬಾಡಿಗೆ ಮಳಿಗೆ ಮೀಟರ್ ಮಾಲೀಕರ ಹೆಸರಿನಲ್ಲಿದೆ. ಬಿಟ್ಟು ಬರುವಾಗ ಏನು ಮಾಡಬೇಕು?

ಲೆಕ್ಕದ ಪುಸ್ತಕ

ಬೀಗ ಕೊಡುವ ದಿನ ಮೀಟರ್ ಫೋಟೋ ತೆಗೆಯಿರಿ, ಆರ್‌ಆರ್ ನಂಬರ್ ಮತ್ತು ರೀಡಿಂಗ್ ಎರಡೂ ಕಾಣಬೇಕು. ಯೂನಿಟ್ ರೀಡಿಂಗ್ ಒಂದೇ ಸಾಲದು, ಎಂಡಿ ಬರುವವರೆಗೆ ಡಿಸ್‌ಪ್ಲೇ ಬಟನ್ ಒತ್ತಿ ಅದನ್ನೂ ತೆಗೆಯಿರಿ. ಇಷ್ಟನ್ನು ಮಾಲೀಕರಿಗೆ ವಾಟ್ಸಾಪ್ ಮಾಡಿ, ‘ಇಲ್ಲಿಯವರೆಗೆ ನನ್ನದು’ ಅಂತ ಬರೆಯಿರಿ. ಠೇವಣಿ ನೀವು ಕಟ್ಟಿದ್ದರೆ ರಸೀದಿ ತೋರಿಸಿ ಅಡ್ವಾನ್ಸ್ ಜೊತೆಗೆ ವಾಪಸ್ ಕೇಳಿ. ಆಫೀಸಿನವರು ಅದನ್ನು ಹೆಸರಿರುವವರಿಗೇ ಕೊಡುವುದು.

ವೈರಿಂಗ್ ಗುತ್ತಿಗೆದಾರ

ಅಣ್ಣಾ, ನೀವು ನಮ್ಮೂರ ಕಡೆಯವರೇ ಆದ್ದರಿಂದ ಪವರ್ ಕ್ಲ್ಯಾಂಪ್ ತೆಗೆದುಕೊಂಡು ಬರುತ್ತೇನೆ. ಹಳೇ ಮಳಿಗೆಯಲ್ಲೇ ಎರಡೂ ಮೋಟಾರ್ ಅಳೆದುಬಿಡೋಣ. ಆಮೇಲೆ ಅರ್ಜಿ.

ಗಿರಣಿ ತುಮಕೂರು

ಗುತ್ತಿಗೆದಾರರು ಬಂದು ಅಳೆದರು, ಅವರಿಗೆ ಧನ್ಯವಾದ. ಹಿಟ್ಟಿನ ಮೋಟಾರ್ 10.5 ಆಂಪಿಯರ್, ಪಿಎಫ್ 0.80, ಸುಮಾರು 6 ಕಿಲೋವಾಟ್. ಖಾರದಪುಡಿ 8 ಆಂಪಿಯರ್, ಪಿಎಫ್ 0.75, ಸುಮಾರು 4.3 ಕಿಲೋವಾಟ್. ಎರಡೂ ಸೇರಿದರೆ 10.3. ಅಂದರೆ 11.19ರ ಒಳಗೇ ಇದ್ದೇನೆ. 15 ಎಚ್‌ಪಿಗೇ ಅರ್ಜಿ ಹಾಕುತ್ತೇನೆ. ಎರಡಕ್ಕೂ ಕೆಪ್ಯಾಸಿಟರ್ ಹೇಳಿದ್ದೇನೆ.

ಬೇಕರಿ ಹಾಸನ

ಅಳೆದ ದಿನ ಖಾರದಪುಡಿಗೆ ರಶ್ ಇತ್ತಾ? ಸುಮ್ನೆ ಒಂದೆರಡು ಕೆಜಿ ಹಾಕಿ ಅಳೆದರೆ ಕಡಿಮೆಯೇ ತೋರಿಸುತ್ತದೆ ಅಲ್ವಾ?

ಗಿರಣಿ ತುಮಕೂರು

ಇರಲಿಲ್ಲ ಅಕ್ಕ, ಒಬ್ಬರದ್ದೇ ಮೆಣಸಿನಕಾಯಿ ಇತ್ತು.

ವೈರಿಂಗ್ ಗುತ್ತಿಗೆದಾರ

ಸರಿಯಾಗಿ ಹಿಡಿದರು ಮೇಡಂ. ಭಾನುವಾರ ಬೆಳಗ್ಗೆ ಗಿರಾಕಿ ಸಾಲಾಗಿ ನಿಂತಿರುವಾಗ ಇನ್ನೊಮ್ಮೆ ಬರುತ್ತೇನೆ. ಹಾಪರ್ ತುಂಬಿಸಿ, ಎರಡೂ ಓಡಿಸಿ, ಕಾಲು ಗಂಟೆ ಬಿಡದೆ ನೋಡೋಣ. 11 ಮೀರಿದರೆ ಸೀಸನ್ನಿನಲ್ಲಿ ಮೀರುವುದು ಖಾತ್ರಿ. ಆಗ ಒಂದೋ ಲೋಡ್ ಸ್ವಲ್ಪ ಏರಿಸಿ ಬರೆಯಿರಿ, ಇಲ್ಲ ಆ ಎರಡು ತಿಂಗಳು ಸರದಿ ಹಾಕಿಕೊಳ್ಳಿ. ಅಲ್ಲಿಯವರೆಗೆ ಅರ್ಜಿ ಕೊಡಬೇಡಿ. ಮತ್ತೆ ಹಿಟ್ಟಿನ ಮೋಟಾರಿನ ಒಂದು ಫೇಸ್‌ನಲ್ಲಿ ಕರೆಂಟ್ ಉಳಿದ ಎರಡಕ್ಕಿಂತ ಕಡಿಮೆ ಇತ್ತು. ಸ್ಟಾರ್ಟರ್ ಕಾಂಟ್ಯಾಕ್ಟ್ ಸುಟ್ಟಿರಬೇಕು, ಹೊಸ ಶೆಡ್‌ಗೆ ಅದೇ ಸ್ಟಾರ್ಟರ್ ಒಯ್ಯುವ ಮುಂಚೆ ಬಿಚ್ಚಿ ನೋಡಿಸಿ.